ಮೂಳೆ ಒಂದು ಹೇಳಿ, ಜೀನ್ ಇನ್ನೊಂದು ಹೇಳಿದರೆ? ಮುಳ್ಳು ಬೆನ್ನಿನ ಇಲಿಯ ವಂಶ ಹುಡುಕುತ್ತಾ

ಪ್ರಶ್ನೆ: ನಮ್ಮದು ಕೊಡಗಿನಲ್ಲಿ ಕಾಫಿ ತೋಟ, ಜೊತೆಗೆ ಕರಿಮೆಣಸು. ಕಾಡಿಗೆ ತಾಗಿದ ಅಂಚಿನಲ್ಲಿರುವ ಒಂದು ಮರದ ಪೊಟರೆಯಿಂದ ರಾತ್ರಿ ಹೊತ್ತು ಒಂದು ಇಲಿ ಹೊರಗೆ ಬರುತ್ತದೆ. ಬೆನ್ನ ಮೇಲೆ ಮುಳ್ಳಿನಂಥ ಕೂದಲು. ಬಾಲದ ತುದಿ ಬಾಟಲಿ ತೊಳೆಯುವ ಬ್ರಷ್ಷಿನ ಹಾಗೆ, ತುದಿ ಬಿಳಿ. ಹಳೆಯ ಪುಸ್ತಕವೊಂದು ಇದನ್ನು ಡಾರ್ಮೌಸ್ ಎನ್ನುತ್ತದೆ. ಈಗಿನವರು ಜೀನ್ ಪರೀಕ್ಷೆಯ ಪ್ರಕಾರ ಇದು ಡಾರ್ಮೌಸ್ ಅಲ್ಲ, ಇಲಿಗಳ ಕಡೆಯದು ಎನ್ನುತ್ತಾರೆ. ಮೂಳೆ, ಹಲ್ಲು ಕಣ್ಣಿಗೆ ಕಾಣುತ್ತವೆ. ಜೀನ್ ಕಾಣುವುದಿಲ್ಲ. ಯಾವುದನ್ನು ನಂಬಬೇಕು?

ಉತ್ತರ: ಡಾರ್ಮೌಸ್ ಎಂದರೆ ಮರದ ಮೇಲೆ ಬದುಕುವ, ಪೊದೆ ಬಾಲದ, ಇಲಿಯಂಥ ಪುಟ್ಟ ಪ್ರಾಣಿ. ನೀವು ಹೇಳಿದ ಗುರುತುಗಳೆಲ್ಲ ಮಲಬಾರ್ ಮುಳ್ಳು ಡಾರ್ಮೌಸ್‌ಗೆ ಹೊಂದುತ್ತವೆ. ಪಶ್ಚಿಮ ಘಟ್ಟ ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಸಿಗದ ಪ್ರಾಣಿ ಇದು. ಕಲ್ಕತ್ತಾದ ಏಷ್ಯಾಟಿಕ್ ಸೊಸೈಟಿಯ ಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ 1859ರಲ್ಲಿ ಇದಕ್ಕೆ ಪ್ಲಾಟಕ್ಯಾಂಥೋಮಿಸ್ ಎಂದು ಹೆಸರಿಟ್ಟರು. ಚಪ್ಪಟೆ ಮುಳ್ಳಿನ ಇಲಿ ಅಂತ ಅರ್ಥ. ಮೆಣಸು ತಿನ್ನುತ್ತದೆ ಎಂಬ ದೂರು ಇದರ ಮೇಲೆ ಬಹಳ ಹಿಂದಿನಿಂದಲೂ ಇದೆ. ನಿಮ್ಮ ತೋಟದಲ್ಲೇ ಅದು ಇದೆ ಎಂದು ಓದಿ ನನಗೆ ತುಂಬಾ ಸಂತೋಷವಾಯಿತು.

ಇನ್ನು ಪ್ರಶ್ನೆಗೆ ಬರೋಣ. ಸಾಕ್ಷಿ ಮೂಳೆಯದಾಗಲಿ ಜೀನಿನದಾಗಲಿ, ನಾನು ಮೊದಲು ಕೇಳುವುದು ಒಂದೇ. ಈ ಗುರುತು ಸಂಬಂಧವೇ ಇಲ್ಲದ ಎರಡು ಪ್ರಾಣಿಗಳಲ್ಲಿ ಬೇರೆ ಬೇರೆಯಾಗಿ ಹುಟ್ಟುವುದು ಎಷ್ಟು ಸುಲಭ? ಸುಲಭವಾದರೆ ಅದು ದುರ್ಬಲ ಸಾಕ್ಷಿ. ಕಷ್ಟವಾದರೆ ಗಟ್ಟಿ ಸಾಕ್ಷಿ. ದಂಶಕಗಳ, ಅಂದರೆ ಇಲಿ, ಅಳಿಲುಗಳಂಥ ಕೊರೆದು ತಿನ್ನುವ ಪ್ರಾಣಿಗಳ ಇತಿಹಾಸದಲ್ಲಿ ಮೂಳೆಯೂ ಮೋಸ ಮಾಡಿದೆ, ಜೀನೂ ಮಾಡಿದೆ. ಎರಡೂ ಕಥೆ ಹೇಳುತ್ತೇನೆ.

ಹೊರಗಿನ ನೋಟವನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಹೆಸರುಗಳೇ ಇವೆ. ಮುಳ್ಳುಹಂದಿ ಹಂದಿಯಲ್ಲ, ದಂಶಕ. ಸುಂಡಿಲಿ ಹೆಸರಲ್ಲಿ ಇಲಿ ಇದ್ದರೂ ದಂಶಕವೇ ಅಲ್ಲ. ಇದನ್ನು ತಿಳಿಯಲು ಜೀನ್ ಬೇಕಾಗಿಲ್ಲ. ಬಾಯಿ ನೋಡಿದರೆ ಸಾಕು. ದಂಶಕಕ್ಕೆ ಮೇಲೆ ಒಂದು ಜೋಡಿ, ಕೆಳಗೆ ಒಂದು ಜೋಡಿ ಬಾಚಿಹಲ್ಲು. ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಹಲ್ಲಿನ ಮುಂದಿನ ಮೈಗೆ ಮಾತ್ರ ಗಟ್ಟಿ ಎನಾಮೆಲ್. ಹಿಂದಿನದು ಮೆತ್ತಗೆ, ಬೇಗ ಸವೆಯುತ್ತದೆ. ಹಾಗಾಗಿ ಬಡಗಿಯ ಉಳಿಯಂತೆ ತಾನಾಗಿಯೇ ಹರಿತವಾಗಿ ಉಳಿಯುತ್ತದೆ. ಕೋರೆಹಲ್ಲು ಇಲ್ಲ. ಅಲ್ಲಿ ದೊಡ್ಡ ಖಾಲಿ ಜಾಗ. ಸಸ್ತನಿಗಳಲ್ಲಿ ಹತ್ತಕ್ಕೆ ನಾಲ್ಕು ಜಾತಿಗಳು ದಂಶಕಗಳೇ. ಎರಡು ಸಾವಿರಕ್ಕೂ ಜಾಸ್ತಿ ಇರುವ ಆ ಎಲ್ಲ ಜಾತಿಗಳಿಗೂ ಈ ಒಂದೇ ನಕ್ಷೆ. ಇವು ದಂಶಕಗಳು ಎಂದು ಹೇಳುವುದು ಸುಲಭ. ಅವುಗಳೊಳಗೆ ಯಾರು ಯಾರಿಗೆ ಹತ್ತಿರ ಎನ್ನುವುದು ಕಷ್ಟ.

ಈ ಒಳಸಂಬಂಧ ಹುಡುಕಲು ಹಿಂದಿನವರು ಒಂದು ಸ್ನಾಯುವನ್ನು ನೆಚ್ಚಿಕೊಂಡರು. ನಿಮ್ಮ ಕೆನ್ನೆಯ ಹಿಂಭಾಗಕ್ಕೆ ಬೆರಳಿಟ್ಟು ಹಲ್ಲು ಕಚ್ಚಿ ನೋಡಿ. ಉಬ್ಬುತ್ತದಲ್ಲ, ಅದೇ ಸ್ನಾಯು. ಮ್ಯಾಸೆಟರ್ ಅಂತ ಹೆಸರು. ದಂಶಕಗಳಲ್ಲಿ ಇದಕ್ಕೆ ಎರಡು ಕೆಲಸ. ಬಾಚಿಹಲ್ಲಿನಿಂದ ಕೊರೆಯುವಾಗ ಕೆಳದವಡೆ ಮುಂದಕ್ಕೆ ಜಾರಬೇಕು. ದವಡೆಹಲ್ಲಿನಿಂದ ಅರೆಯುವಾಗ ಹಿಂದಕ್ಕೆ ಸರಿಯಬೇಕು. ಮುಂದಕ್ಕೆ ಎಳೆಯಬೇಕಾದರೆ ಸ್ನಾಯುವಿನ ಮೇಲಿನ ತುದಿ ಮೂತಿಯ ಕಡೆಗೆ ಸರಿದಷ್ಟೂ ಒಳ್ಳೆಯದು, ಅಲ್ವಾ? ದಂಶಕಗಳು ಅದನ್ನೇ ಮಾಡಿವೆ. ಆದರೆ ಒಂದೇ ದಾರಿಯಲ್ಲಲ್ಲ.

ಅಳಿಲಿನಲ್ಲಿ ಸ್ನಾಯುವಿನ ಹೊರಪದರ ಕಣ್ಣಿನ ಮುಂದಿನ ಮೂಳೆಯ ಮೇಲೆ ಹರಡಿಕೊಂಡಿದೆ. ಮುಳ್ಳುಹಂದಿ ಮತ್ತು ಗಿನಿಪಿಗ್‌ಗಳಲ್ಲಿ ಒಳಪದರ ಕಣ್ಣುಗೂಡಿನ ಮುಂದಿರುವ ಒಂದು ತೂತಿನೊಳಗಿಂದ ನುಗ್ಗಿ ಮೂತಿಯ ಪಕ್ಕಕ್ಕೆ ಅಂಟಿಕೊಂಡಿದೆ. ಈ ತೂತು ನಮಗೂ ಇದೆ. ಕಣ್ಣಿನ ಕೆಳಗೆ, ಸಣ್ಣದು. ಅದರಲ್ಲಿ ನರ ಮತ್ತು ರಕ್ತನಾಳ ಮಾತ್ರ ಹಾಯುತ್ತವೆ. ಮುಳ್ಳುಹಂದಿಯ ತಲೆಬುರುಡೆಯಲ್ಲಿ ಅದರೊಳಗೆ ಬೆರಳು ತೂರಿಸಬಹುದು. ಇಲಿಗಳಲ್ಲಿ ಎರಡೂ ಏರ್ಪಾಡು ಸೇರಿವೆ. ತೂತು ಮೇಲೆ ಅಗಲ, ಕೆಳಗೆ ಸೀಳಿನಂತೆ ಕಿರಿದು. ನಾನು ಮೊದಲ ಸಲ ಗೂಬೆ ಉಗುಳಿದ ಉಂಡೆಯನ್ನು ನೀರಲ್ಲಿ ನೆನೆಸಿ, ಬಿಡಿಸಿ, ಅದರೊಳಗಿನ ಇಲಿಯ ಬುರುಡೆಯನ್ನು ಅಳಿಲಿನ ಬುರುಡೆಯ ಪಕ್ಕ ಇಟ್ಟು ನೋಡಿದ ದಿನ ಇನ್ನೂ ನೆನಪಿದೆ. ಆ ತೂತಿನ ವ್ಯತ್ಯಾಸ ಅಷ್ಟು ಸ್ಪಷ್ಟ. ಒಮ್ಮೆ ಕಂಡರೆ ಮರೆಯುವುದಿಲ್ಲ.

1855ರಲ್ಲಿ ಬ್ರಾಂಟ್ ಎಂಬ ವಿಜ್ಞಾನಿ ಇದನ್ನೇ ಹಿಡಿದು ದಂಶಕಗಳನ್ನು ಮೂರು ಪಾಲು ಮಾಡಿದರು. ಅಳಿಲಿನಂಥವು, ಇಲಿಯಂಥವು, ಮುಳ್ಳುಹಂದಿಯಂಥವು. 1899ರಲ್ಲಿ ಟುಲ್‌ಬರ್ಗ್ ಇನ್ನೊಂದು ಗುರುತು ಹಿಡಿದರು. ಕೆಳದವಡೆಯ ಹಿಂದಿನ ಮೂಲೆ ಬಾಚಿಹಲ್ಲಿನ ಗೂಡಿನ ನೇರಕ್ಕೇ ಇದೆಯೋ, ಹೊರಕ್ಕೆ ವಾಲಿದೆಯೋ ಎಂದು ನೋಡಿ ಎರಡು ಪಾಲು ಮಾಡಿದರು. ಅಳಿಲು, ಇಲಿಗಳದು ನೇರ. ಮುಳ್ಳುಹಂದಿ, ಗಿನಿಪಿಗ್‌ಗಳದು ಹೊರಕ್ಕೆ ವಾಲಿದ್ದು. ಎರಡು ಲೆಕ್ಕವೂ ಪಾಠಪುಸ್ತಕ ಸೇರಿದವು.

ತೊಂದರೆ ಶುರುವಾದದ್ದು ಎರಡನ್ನೂ ಒಟ್ಟಿಗೆ ಇಟ್ಟಾಗ. ಉತ್ತರ ಆಫ್ರಿಕಾದ ಬಂಡೆಗಳಲ್ಲಿರುವ ಗುಂಡಿ ಎಂಬ ಪ್ರಾಣಿಗೆ ಮುಳ್ಳುಹಂದಿಯ ತೂತು, ಆದರೆ ದವಡೆ ಅಳಿಲಿನದು. ಮರುಭೂಮಿಯಲ್ಲಿ ಕುಪ್ಪಳಿಸುವ ಜರ್ಬೋವಾಗೂ ತೂತು ದೊಡ್ಡದೇ. ಉಳಿದ ಗುರುತು ನೋಡಿದರೆ ಅದು ಇಲಿಗಳ ನೆಂಟ. ಬೀವರ್‌ಗೆ ಅಳಿಲಿನ ಸ್ನಾಯು, ಮೈಕಟ್ಟು ಯಾರದ್ದೂ ಅಲ್ಲ. ಅಮೆರಿಕದ ಆಲ್ಬರ್ಟ್ ವುಡ್ ಜೀವನವಿಡೀ ದಂಶಕಗಳ ಪಳೆಯುಳಿಕೆ ನೋಡಿದವರು. ಒಂದೇ ರಚನೆ ಬೇರೆ ಬೇರೆ ವಂಶಗಳಲ್ಲಿ ಮತ್ತೆ ಮತ್ತೆ ಹುಟ್ಟಿದೆ ಎಂದು ಅವರು ಜೀನ್ ಓದುವ ಕಾಲಕ್ಕೆ ಮುಂಚೆಯೇ ಎಚ್ಚರಿಸಿದ್ದರು. ಅವರ ಮಾತಿಗೆ ಅಂದು ಇನ್ನೂ ಜಾಸ್ತಿ ಬೆಲೆ ಸಿಗಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಕಾರಣ ಸರಳ. ಕೊರೆದು ತಿನ್ನುವ ಪ್ರಾಣಿಗೆ ಸ್ನಾಯು ಮುಂದಕ್ಕೆ ಸರಿದರೆ ಲಾಭ. ಸರಿಯಲು ಇರುವ ದಾರಿಗಳು ಎರಡು ಮೂರೇ. ಅಂದಮೇಲೆ ಸಂಬಂಧವಿಲ್ಲದವರೂ ಒಂದೇ ದಾರಿ ಹಿಡಿಯುತ್ತಾರೆ.

ಮುಳ್ಳಿನ ಕಥೆಯೂ ಹೀಗೇ. ನಮ್ಮ ಮುಳ್ಳುಹಂದಿಗೂ ಅಮೆರಿಕದ ಮುಳ್ಳುಹಂದಿಗೂ ಮುಳ್ಳು ಬೇರೆ ಬೇರೆಯಾಗಿ ಬಂದದ್ದು. ಅಮೆರಿಕದ್ದು ನಮ್ಮದಕ್ಕಿಂತ ಗಿನಿಪಿಗ್‌ಗೆ ಹತ್ತಿರ. ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದಲ್ಲಿ ಮುಳ್ಳುಮೈಯ ಚಿಟ್ಟಿಲಿಗಳಿವೆ, ಅಕೋಮಿಸ್ ಎಂಬ ಕುಲ. ಹಲ್ಲು ನೋಡಿದರೆ ನಮ್ಮ ಮನೆಯ ಚಿಟ್ಟಿಲಿಯ ದಾಯಾದಿ ಅನ್ನಿಸುತ್ತದೆ. 1990ರ ದಶಕದಲ್ಲಿ ಡಿಎನ್‌ಎ ಹೋಲಿಸಿದಾಗ ಅದು ಜರ್ಬಿಲ್ ಇಲಿಗಳಿಗೆ ಹತ್ತಿರ ಎಂದು ತಿಳಿಯಿತು. ಆದ್ದರಿಂದ ನಿಮ್ಮ ಪೊಟರೆಯ ಇಲಿಯ ಬೆನ್ನಿನ ಮುಳ್ಳನ್ನು ವಂಶದ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಹಾರುವ ಅಳಿಲಿನ ಹೋಲಿಕೆ ನನಗೆ ಇನ್ನೂ ಇಷ್ಟ. ಏಕೆಂದರೆ ಅಲ್ಲಿ ಮೂಳೆಯೇ ನಿಜ ಹೇಳುತ್ತದೆ, ನಾವು ಸರಿಯಾಗಿ ನೋಡಿದರೆ. ನಮ್ಮ ಕಾಡಿನ ಹಾರುವ ಅಳಿಲಿಗೆ ಮೈಪೊರೆ ಹಿಗ್ಗಿಸುವ ಮೆದುಮೂಳೆಯ ಕಡ್ಡಿ ಮಣಿಕಟ್ಟಿನಿಂದ ಹೊರಡುತ್ತದೆ. ಆಫ್ರಿಕಾದಲ್ಲಿ ಹಾಗೇ ತೇಲಿ ಹೋಗುವ ಅನಾಮಲೂರ್‌ಗೆ ಆ ಕಡ್ಡಿ ಮೊಣಕೈಯಿಂದ ಹೊರಡುತ್ತದೆ. ಕೆಲಸ ಒಂದೇ, ಕಟ್ಟಿದ ರೀತಿ ಬೇರೆ. ಜೀನ್ ಕೂಡ ಅನಾಮಲೂರ್ ಅಳಿಲಲ್ಲ, ವಂಶವೃಕ್ಷದಲ್ಲಿ ಇಲಿಗಳ ದೊಡ್ಡ ಕೊಂಬೆಯದು ಎನ್ನುತ್ತದೆ.

ಇಷ್ಟು ಓದಿದರೆ ಜೀನನ್ನೇ ನಂಬಿದರೆ ಸಾಕು ಅನ್ನಿಸಬಹುದು. ಈಗ ಎರಡನೇ ಕಥೆ ಕೇಳಿ.

ಇನ್ಸುಲಿನ್ ನಮಗೆಲ್ಲ ಗೊತ್ತಿರುವ ಪ್ರೋಟೀನ್. ಅದರಲ್ಲಿ 51 ಅಮೈನೋ ಆಮ್ಲಗಳ ಸರಪಣಿ ಇದೆ. ಮನುಷ್ಯನದಕ್ಕೂ ಹಂದಿಯದಕ್ಕೂ ಒಂದೇ ಒಂದು ಕಡೆ ವ್ಯತ್ಯಾಸ. ಹಾಗಾಗಿಯೇ ಹಂದಿಯ ಇನ್ಸುಲಿನ್ ಎಷ್ಟೋ ವರ್ಷ ಸಕ್ಕರೆ ಕಾಯಿಲೆಯವರಿಗೆ ಔಷಧವಾಗಿತ್ತು. ಗಿನಿಪಿಗ್‌ನ ಇನ್ಸುಲಿನ್ ನಮ್ಮದಕ್ಕಿಂತ ಹದಿನೈದಕ್ಕೂ ಜಾಸ್ತಿ ಕಡೆ ಬೇರೆ. ಇದೊಂದನ್ನೇ ನಂಬಿದರೆ ಹಂದಿ ನಮ್ಮ ಹತ್ತಿರದ ನೆಂಟ, ಗಿನಿಪಿಗ್ ದೂರದ್ದು ಎನ್ನಬೇಕು. ನಿಜ ಉಲ್ಟಾ. ದಂಶಕಗಳು ಹಂದಿಗಿಂತ ನಮಗೆ ಹತ್ತಿರ. ಗಿನಿಪಿಗ್‌ನ ವಂಶದಲ್ಲಿ ಆ ಪ್ರೋಟೀನ್ ವಿಪರೀತ ಬೇಗ ಬದಲಾಗಿದೆ, ಅಷ್ಟೇ.

ಇಂಥ ಪ್ರೋಟೀನ್‌ಗಳನ್ನು ಹೋಲಿಸಿದ ಡಾನ್ ಗ್ರೌರ್ ಮತ್ತು ಜೊತೆಗಾರರು 1991ರಲ್ಲಿ 'ನೇಚರ್' ಪತ್ರಿಕೆಯಲ್ಲಿ, ಗಿನಿಪಿಗ್ ನಿಜವಾಗಿ ದಂಶಕವೇ ಎಂದು ಕೇಳಿದರು. 1996ರಲ್ಲಿ ಇನ್ನೊಂದು ತಂಡ ಅದೇ ಪತ್ರಿಕೆಯಲ್ಲಿ, ಅಲ್ಲ ಎಂದು ಖಚಿತವಾಗಿಯೇ ಬರೆಯಿತು. ಅವರ ಆಧಾರ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಎಂಬ ಭಾಗದ ಪೂರ್ತಿ ಡಿಎನ್‌ಎ. ಅಂಗರಚನೆ ಓದಿದವರು ಒಪ್ಪಲಿಲ್ಲ. ಲಕೆಟ್ ಮತ್ತು ಹಾರ್ಟೆನ್‌ಬರ್ಜರ್ 1993ರಲ್ಲೇ ಹಲ್ಲು, ಬುರುಡೆ, ಗರ್ಭದಲ್ಲಿ ಮರಿಯನ್ನು ಸುತ್ತಿರುವ ಪೊರೆ ಎಲ್ಲವನ್ನೂ ಮುಂದಿಟ್ಟು ಗಿನಿಪಿಗ್ ದಂಶಕವೇ ಎಂದು ವಾದಿಸಿದ್ದರು. ಇಷ್ಟೊಂದು ಗುರುತು ಒಟ್ಟಿಗೆ ಎರಡು ಸಲ ಹುಟ್ಟುವುದು ಹೇಗೆ ಎಂಬುದು ಅವರ ಪ್ರಶ್ನೆ. ಕೊನೆಗೆ ಅವರೇ ಸರಿ ಎಂದಾಯಿತು.

ಜೀನ್ ಎಲ್ಲಿ ತಪ್ಪಿತು? ಹಳಗನ್ನಡ ಕಾವ್ಯದ ಓಲೆಗರಿ ಪ್ರತಿಗಳನ್ನು ಹೋಲಿಸಿ ಸಂಪಾದಿಸುವವರ ಕೆಲಸ ನೆನಪು ಮಾಡಿಕೊಳ್ಳಿ. ಎರಡು ಪ್ರತಿಗಳಲ್ಲಿ ಒಂದೇ ತಪ್ಪಿದ್ದರೆ ಎರಡೂ ಒಂದೇ ಮಾತೃಕೆಯಿಂದ ಬಂದಿರಬೇಕು ಎಂದು ಅವರು ಊಹಿಸುತ್ತಾರೆ. ಆದರೆ ಒಂದು ಕೊಂಬು, ಒಂದು ದೀರ್ಘ ಬಿಟ್ಟುಹೋಗುವ ತಪ್ಪನ್ನು ಯಾವ ಲಿಪಿಕಾರನಾದರೂ ಮಾಡಬಹುದು. ಡಿಎನ್‌ಎಯಲ್ಲಿ ಇರುವುದೇ ನಾಲ್ಕು ಅಕ್ಷರ. ತುಂಬಾ ಬೇಗ ಬದಲಾಗುವ ಎರಡು ವಂಶಗಳಲ್ಲಿ ಒಂದೇ ಜಾಗಕ್ಕೆ ಒಂದೇ ಅಕ್ಷರ ಆಕಸ್ಮಿಕವಾಗಿ ಬಂದು ಕೂರುತ್ತದೆ. ಕಂಪ್ಯೂಟರ್ ಲೆಕ್ಕ ಅದನ್ನು ರಕ್ತಸಂಬಂಧ ಎಂದುಕೊಳ್ಳುತ್ತದೆ. ಇಲಿ ಮತ್ತು ಚಿಟ್ಟಿಲಿಗಳ ಡಿಎನ್‌ಎ ಬಹಳ ಬೇಗ ಬದಲಾಗುವಂಥದ್ದು. ಹೋಲಿಸಲು ತೆಗೆದುಕೊಂಡ ಪ್ರಾಣಿಗಳೂ ಕಡಿಮೆ. ಹಾಗಾಗಿ ಇಲಿಗಳು ವಂಶವೃಕ್ಷದ ಬುಡದ ಕಡೆಗೆ ಜಾರಿ, ಗಿನಿಪಿಗ್ ಒಂಟಿಯಾಗಿ ಬೇರೆಯವರ ಜೊತೆ ನಿಂತಂತೆ ಕಂಡಿತು. 1997ರಲ್ಲಿ ಸಲಿವನ್ ಮತ್ತು ಸ್ವಾಫರ್ಡ್ ಲೆಕ್ಕದ ಸೂತ್ರ ಸರಿಪಡಿಸಿದರೆ 1996ರ ಆ ಖಚಿತ ತೀರ್ಮಾನ ನಿಲ್ಲುವುದಿಲ್ಲ ಎಂದು ತೋರಿಸಿದರು. 2001ರಲ್ಲಿ ಹೆಚ್ಚು ಪ್ರಾಣಿಗಳ, ಜೀವಕೋಶದ ಕೇಂದ್ರವಾದ ನ್ಯೂಕ್ಲಿಯಸ್‌ನ ಹೆಚ್ಚು ಜೀನ್‌ಗಳನ್ನು ಹೋಲಿಸಿದಾಗ ದಂಶಕಗಳೆಲ್ಲ ಒಂದೇ ಕೊಂಬೆಗೆ ಬಂದವು. ಪಕ್ಕದ ಕೊಂಬೆಯಲ್ಲಿ ಮೊಲ. ದಂಶಕ ಮತ್ತು ಮೊಲಗಳನ್ನು 1758ರಲ್ಲಿ ಲಿನ್ನೇಯಸ್ ಒಟ್ಟಿಗೆ ಇಟ್ಟಿದ್ದೂ ಹಲ್ಲು ನೋಡಿಯೇ.

ಜೀನ್ ಕಡೆಯಲ್ಲೂ ಗಟ್ಟಿ ಸಾಕ್ಷಿಗಳಿವೆ. ಜೀನೋಮ್‌ನಲ್ಲಿ, ಅಂದರೆ ಪ್ರಾಣಿಯ ಇಡೀ ಡಿಎನ್‌ಎಯಲ್ಲಿ, ಕೆಲವು ತುಣುಕುಗಳು ತಮ್ಮ ನಕಲು ಮಾಡಿಕೊಂಡು ಬೇರೊಂದು ಜಾಗದಲ್ಲಿ ಹೋಗಿ ಕೂರುತ್ತವೆ. ರೆಟ್ರೊಪೋಸಾನ್ ಎನ್ನುತ್ತಾರೆ. ಇದು ಕೊಂಬು ಬಿಟ್ಟ ತಪ್ಪಿನಂತಲ್ಲ. ಲಿಪಿಕಾರ ಎಲ್ಲಿಂದಲೋ ಒಂದು ಇಡೀ ಪದ್ಯ ತಂದು ನಡುವೆ ಸೇರಿಸಿದಂತೆ. ಎರಡು ಪ್ರತಿಗಳಲ್ಲಿ ಅದೇ ಪದ್ಯ, ಅದೇ ಸಾಲಿನ ಮಧ್ಯೆ ಇದ್ದರೆ ಆಕಸ್ಮಿಕ ಎನ್ನುವುದು ಬಹಳ ಕಷ್ಟ. ದಂಶಕಗಳ ಕೊಂಬೆಗಳನ್ನು ಇಂಥ ಗುರುತುಗಳಿಂದಲೂ ಪರೀಕ್ಷಿಸಿದ್ದಾರೆ. ಒಟ್ಟು ಮೂರು ದೊಡ್ಡ ಕೊಂಬೆಗಳು. ಅಳಿಲು ಮತ್ತು ನಿಜವಾದ ಡಾರ್ಮೌಸ್‌ಗಳದು ಒಂದು. ಇಲಿ, ಜರ್ಬೋವಾ, ಬೀವರ್, ಅನಾಮಲೂರ್‌ಗಳದು ಇನ್ನೊಂದು. ಮುಳ್ಳುಹಂದಿ, ಗಿನಿಪಿಗ್, ಗುಂಡಿಗಳದು ಮೂರನೆಯದು. ಬ್ರಾಂಟ್ ಮಾಡಿದ್ದೂ ಮೂರು ಪಾಲೇ, ಆದರೆ ಸದಸ್ಯರು ಅದಲು ಬದಲು. ಮೂರರಲ್ಲಿ ಯಾವುದು ಮೊದಲು ಕವಲೊಡೆಯಿತು ಎಂಬ ಚರ್ಚೆ ನಡೆದೇ ಇದೆ.

ಮೂಳೆ ಮತ್ತು ಜೀನ್ ಒಂದಕ್ಕೊಂದು ಹೆಗಲು ಕೊಟ್ಟ ಒಂದು ಪ್ರಸಂಗ ಹೇಳದೆ ಮುಂದೆ ಹೋಗಲಾರೆ. ಲಾವೋಸ್ ದೇಶದ ಖಮ್ಮೌನ್ ಪ್ರಾಂತ್ಯದಲ್ಲಿ ಸುಣ್ಣಕಲ್ಲಿನ ಬೆಟ್ಟಗಳಿವೆ. ಅಲ್ಲಿನ ಜನ ಖಾ-ನ್ಯೂ ಎಂಬ ಪ್ರಾಣಿಯನ್ನು ಹಿಡಿದು ತಿನ್ನುತ್ತಿದ್ದರು, ಸಂತೆಯಲ್ಲಿ ಮಾರುತ್ತಿದ್ದರು. ಕಪ್ಪು ಇಲಿಯಂತೆ ಮೈ, ಅಳಿಲಿನಂತೆ ಬಾಲ. 2005ರಲ್ಲಿ ವಿಜ್ಞಾನಿಗಳು ಇದನ್ನು ಹೊಸ ಕುಟುಂಬ ಎಂದೇ ಘೋಷಿಸಿದರು. ಬದುಕಿರುವ ಯಾರ ಜೊತೆಯೂ ಅದು ಸೇರುತ್ತಿರಲಿಲ್ಲ. ಮರುವರ್ಷ ಪಳೆಯುಳಿಕೆ ತಜ್ಞೆ ಮೇರಿ ಡಾಸನ್ ಮತ್ತು ಜೊತೆಗಾರರು ಅದರ ಹಲ್ಲು, ದವಡೆಗಳನ್ನು ಕಲ್ಲಿನಲ್ಲಿ ಸಿಕ್ಕ ಡಯಾಟಮಿಸ್ ಎಂಬ ದಂಶಕದ ಪಕ್ಕ ಇಟ್ಟರು. ಸರಿಯಾಗಿ ಹೊಂದಿತು. ಆ ಕುಟುಂಬ 1.1 ಕೋಟಿ ವರ್ಷಗಳ ಹಿಂದೆಯೇ ಅಳಿದುಹೋಯಿತು ಎಂದು ಎಲ್ಲರೂ ನಂಬಿದ್ದರು. ಡಯಾಟಮಿಸ್‌ನ ಡಿಎನ್‌ಎ ಯಾರ ಹತ್ತಿರವೂ ಇಲ್ಲ. ಸತ್ತವರ ಜೊತೆ ಈ ನಂಟು ಬೆಸೆಯಲು ಮೂಳೆ ಬಿಟ್ಟು ಬೇರೆ ದಾರಿಯೇ ಇರಲಿಲ್ಲ. ಬದುಕಿರುವವರಲ್ಲಿ ಅದಕ್ಕೆ ಯಾರು ಹತ್ತಿರ? ಅದನ್ನು 2007ರಲ್ಲಿ ಜೀನ್ ಹೇಳಿತು. ಸಾವಿರಾರು ಮೈಲಿ ದೂರದ ಆಫ್ರಿಕಾದ ಗುಂಡಿ! ಎರಡೂ ಬೇರೆಯಾಗಿ ಸುಮಾರು 4.4 ಕೋಟಿ ವರ್ಷಗಳಾಗಿವೆ. ಮುಳ್ಳುಹಂದಿಯ ತೂತು, ಅಳಿಲಿನ ದವಡೆ ಎಂಬ ವಿಚಿತ್ರ ಜೋಡಣೆ ಇಬ್ಬರಲ್ಲೂ ಇದೆ.

ಕಾಲದ ಲೆಕ್ಕಕ್ಕೂ ಮೂಳೆ ಬೇಕು. ಡಿಎನ್‌ಎ ಬದಲಾಗುವ ವೇಗ ಎಲ್ಲ ಪ್ರಾಣಿಗಳಲ್ಲೂ ಒಂದೇ ಎಂದುಕೊಂಡರೆ ಇಲಿ ಮತ್ತು ಚಿಟ್ಟಿಲಿ 4 ಕೋಟಿ ವರ್ಷಗಳ ಹಿಂದೆ ಬೇರೆಯಾದವು ಎಂಬ ಉತ್ತರ ಬರುತ್ತದೆ. 1998ರಲ್ಲಿ ಹಾಗೆ ಬಂದಿತ್ತು ಕೂಡ. ಪಾಕಿಸ್ತಾನದ ಪೋತ್ವಾರ್ ಪ್ರಸ್ಥಭೂಮಿಯ ಶಿವಾಲಿಕ್ ಪದರಗಳಲ್ಲಿ ಪುಟ್ಟ ಪುಟ್ಟ ದವಡೆಹಲ್ಲುಗಳು ಒಂದರ ಮೇಲೊಂದು ಪದರದಲ್ಲಿ ಸಿಕ್ಕಿವೆ. ಹಲ್ಲಿನ ಗುಬ್ಬುಗಳು ಮೆಲ್ಲಗೆ ಬದಲಾಗುತ್ತಾ ಈಗಿನ ಇಲಿಗಳ ನಮೂನೆಗೆ ಬರುವುದನ್ನು ಅಲ್ಲಿ ಕಣ್ಣಾರೆ ನೋಡಬಹುದು. ಆ ಕವಲು ಸುಮಾರು 1.2 ಕೋಟಿ ವರ್ಷದ ಹಿಂದಿನದು ಎಂದು ಅವು ತೋರಿಸಿದವು. ಇಲಿಗಳ ತಲೆಮಾರು ಚಿಕ್ಕದು, ಡಿಎನ್‌ಎ ಗಡಿಯಾರ ಬೇಗ ಓಡುತ್ತದೆ. ಈಗ ಜೀನ್ ತಜ್ಞರು ತಮ್ಮ ಗಡಿಯಾರವನ್ನು ಇಂಥ ಹಲ್ಲುಗಳಿಗೇ ಹೊಂದಿಸಿಕೊಳ್ಳುತ್ತಾರೆ.

ಈಗ ನಿಮ್ಮ ಪೊಟರೆಯ ಇಲಿ. ಹಳೆಯವರು ಅದನ್ನು ಡಾರ್ಮೌಸ್ ಎಂದದ್ದು ಸುಮ್ನೆ ಅಲ್ಲ. ಪೊದೆ ಬಾಲ, ಮರದ ಮೇಲಿನ ಬದುಕು, ಎಲ್ಲಕ್ಕಿಂತ ಹೆಚ್ಚಾಗಿ ದವಡೆಹಲ್ಲಿನ ಮೇಲೆ ಅಡ್ಡಡ್ಡ ಗೆರೆಗಳಂಥ ಏಣುಗಳು. ಯುರೋಪಿನ ಡಾರ್ಮೌಸ್‌ಗಳ ಹಲ್ಲೂ ಹೀಗೇ ಕಾಣುತ್ತದೆ. ಆದರೆ ಒಂದು ಅಪಸ್ವರ ಆಗಲೇ ಇತ್ತು. ಡಾರ್ಮೌಸ್‌ಗೆ ದವಡೆಯ ಪ್ರತಿ ಪಕ್ಕದಲ್ಲಿ 4 ಅರೆಯುವ ಹಲ್ಲು, ಬಾಚಿಹಲ್ಲು ಸೇರಿ ಬಾಯಲ್ಲಿ ಒಟ್ಟು 20. ನಿಮ್ಮ ಪ್ರಾಣಿಗೆ ಪ್ರತಿ ಪಕ್ಕದಲ್ಲಿ 3, ಒಟ್ಟು 16. ಇದು ಇಲಿಗಳ ಲೆಕ್ಕ. ಹೀಗಾಗಿ ಕೆಲವರು ಆಗಲೇ ಇದನ್ನು ಇಲಿಗಳ ಕಡೆ ಇಟ್ಟಿದ್ದರು. ಹಲ್ಲು ಕಳೆದುಕೊಳ್ಳುವುದೂ ಹಲವು ಸಲ ಆಗಬಹುದಾದ ಘಟನೆ, ಆದ್ದರಿಂದ ಜಗಳ ತೀರಲಿಲ್ಲ.

ತೀರಿಸಿದ್ದು ದೂರದ ಒಬ್ಬ ನೆಂಟ. ದಕ್ಷಿಣ ಚೀನಾ ಮತ್ತು ವಿಯೆಟ್ನಾಂ ಕಾಡುಗಳಲ್ಲಿ ಟೈಫ್ಲೋಮಿಸ್ ಎಂಬ ಪುಟ್ಟ ದಂಶಕವಿದೆ. ಕಣ್ಣು ತೀರಾ ಸಣ್ಣದು. ಬಾವಲಿಯಂತೆ ನಮಗೆ ಕೇಳಿಸದ ಸದ್ದು ಹೊರಡಿಸಿ, ಅದರ ಮಾರ್ದನಿ ಕೇಳಿಕೊಂಡು ಕೊಂಬೆಗಳ ಮೇಲೆ ಓಡಾಡುತ್ತದೆ. ಅದರ ಹಲ್ಲೂ ನಿಮ್ಮ ಪ್ರಾಣಿಯ ಹಲ್ಲೂ ಒಂದೇ ನಮೂನೆ. 2009ರಲ್ಲಿ ಶಾರನ್ ಜಾನ್ಸಾ ಮತ್ತು ಜೊತೆಗಾರರು ಟೈಫ್ಲೋಮಿಸ್‌ನ ಜೀನ್ ಓದಿದರು. ಅದು ಡಾರ್ಮೌಸ್‌ಗಳ ಹತ್ತಿರ ಸುಳಿಯಲೇ ಇಲ್ಲ. ಇಲಿ, ಹೆಗ್ಗಣ, ಹ್ಯಾಮ್‌ಸ್ಟರ್, ಜರ್ಬಿಲ್‌ಗಳೆಲ್ಲ ಸೇರಿದ ದೊಡ್ಡ ಬಳಗದಲ್ಲಿ ಎಲ್ಲರಿಗಿಂತ ಮೊದಲು ಬೇರೆಯಾದ ಕವಲು ಅದು. ಗಮನಿಸಿ, ಆ ಅಧ್ಯಯನ ಓದಿದ್ದು ಟೈಫ್ಲೋಮಿಸ್‌ನ ಜೀನ್. ಆ ತೀರ್ಮಾನ ಚೀನಾದಿಂದ ನಿಮ್ಮ ಕೊಡಗಿನ ಪೊಟರೆಯವರೆಗೆ ಬಂದದ್ದು ಹಲ್ಲಿನ ಹೋಲಿಕೆಯ ಸೇತುವೆಯ ಮೇಲೆ. ಇದೇ ಕುಟುಂಬದ ನಿಯೊಕೊಮೆಟಿಸ್ ಎಂಬ ಪ್ರಾಣಿ ಹಿಂದೆ ಯುರೋಪಿನಲ್ಲೂ ಇತ್ತು ಎಂದು ಗೊತ್ತಾಗಿರುವುದೂ ಪಳೆಯುಳಿಕೆಯಾದ ಹಲ್ಲುಗಳಿಂದಲೇ. ಅಂದರೆ ನಿಮ್ಮ ಹಳೆಯ ಪುಸ್ತಕದಲ್ಲಿ ಡಾರ್ಮೌಸ್ ಎಂಬ ಹೆಸರು ತಪ್ಪು. ಆದರೆ ಹಲ್ಲು ನೋಡುವ ಅದರ ಕ್ರಮ ತಪ್ಪಲ್ಲ.

ಪ್ರಾಣಿಯನ್ನು ಹಿಡಿಯಲು ಹೋಗಬೇಡಿ. ಪೊಟರೆ ಇರುವ ಮರವನ್ನು ದಯವಿಟ್ಟು ಉಳಿಸಿಕೊಳ್ಳಿ. ಆ ಮರದ ಸುತ್ತಮುತ್ತ ಗೂಬೆಯ ಉಂಡೆಯೋ ಒಣಗಿದ ಬುರುಡೆಯೋ ಸಿಕ್ಕರೆ ಬಿಸಿನೀರಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ತೊಳೆಯಿರಿ. ಕೆಳದವಡೆಯ ಒಂದು ಪಕ್ಕ ನೋಡಿ. ಅರೆಯುವ ಹಲ್ಲು 4 ಇದ್ದರೆ ಅದು ಅಳಿಲು ಇರಬಹುದು. 3 ಇದ್ದರೆ ಇಲಿಗಳ ಬಳಗ. ಆಮೇಲೆ ಭೂತಗನ್ನಡಿ ಹಿಡಿದು ಹಲ್ಲಿನ ಮೇಲ್ಮೈ ನೋಡಿ. ಗುಬ್ಬುಗುಬ್ಬಾಗಿದ್ದರೆ ಮಾಮೂಲಿ ಇಲಿ. ಓರೆಯಾಗಿ ಸಾಲು ಹಿಡಿದ ಏಣುಗಳು ಕಂಡರೆ ಒಂದು ಫೋಟೊ ತೆಗೆದು ಕಳಿಸಿ. ನೋಡಲು ಕಾಯುತ್ತಿರುತ್ತೇನೆ.